ಕೊಲೆ ಆದ ಮನೆಯೊಳಗಿಂದ ಕ್ರೈಮ್ ಕಾದಂಬರಿ ಬರೆಯೋದು ಹೇಗೆ

ಕ್ರೈಮ್ ಕಥೆ ಬರೆಯೋಕೆ ಕೂತವರು ಬಹಳಷ್ಟು ಜನ ಮೊದಲು ಇನ್ಸ್‌ಪೆಕ್ಟರ್‌ನ ರೆಡಿ ಮಾಡ್ಕೋತಾರೆ, ಅವನ ಬುಲೆಟ್ಟು, ಅವನ ಸಿಗರೇಟು, ಅವನಿಗೊಂದು ಹಳೇ ನೋವು, ಎಲ್ಲ ಆಗತ್ತೆ. ಕೊಲೆಯಾದವನು ಮಾತ್ರ ಮೊದಲನೇ ಪುಟದಲ್ಲಿ ಹೆಣವಾಗಿ ಬಂದು ಹತ್ತನೇ ಪುಟಕ್ಕೆ ಶವಾಗಾರ ಸೇರಿ ಅಲ್ಲಿಂದಾಚೆ ಬರೀ ಕೇಸ್ ನಂಬರ್ ಆಗಿಬಿಡ್ತಾನೆ, ಅವನ ತಾಯಿ ಒಂದು ಸಲ ಎದೆ ಬಡ್ಕೊಂಡು ಅತ್ತು ಕಥೆಯಿಂದಲೇ ಹೊರಟುಹೋಗ್ತಾಳೆ. ನನಗೆ ಇದನ್ನ ಓದಿದಾಗೆಲ್ಲ ಸಂಕಟ ಆಗತ್ತೆ. ಕೊಲೆ ಅನ್ನೋದು ಐದು ನಿಮಿಷದಲ್ಲಿ ಮುಗಿದುಹೋಗತ್ತೆ, ಆಮೇಲೆ ಆ ಮನೆಯವರು ಹತ್ತು ಹದಿನೈದು ವರ್ಷ ಅದರ ಜೊತೆ ಬದುಕಬೇಕು, ಅದೇ ಊರಲ್ಲಿ, ಅದೇ ಬೀದೀಲಿ, ಎಷ್ಟೋ ಸಲ ಕೊಂದವನ ಮನೆಗೆ ಅಂಟಿಕೊಂಡ ಗೋಡೆಯ ಈಚೆಗೆ. ಕಾದಂಬರಿ ಇರೋದು ಅಲ್ಲಿ.

ಅದನ್ನ ಬರೆಯೋಕೆ ಏನೇನು ಗೊತ್ತಿರಬೇಕು, ಯಾವ ಕ್ರಮದಲ್ಲಿ ಕೆಲಸ ಮಾಡ್ಬೇಕು ಅಂತ ಇಲ್ಲಿ ಹೇಳ್ತೀನಿ. ಸುಮ್ನೆ ಥಿಯರಿ ಆಗ್ಬಾರದು ಅಂತ ಒಂದೇ ಕಲ್ಪಿತ ಕಥೆನ ಕೊನೆವರೆಗೂ ಹಿಡ್ಕೊಳ್ಳೋಣ. ಮಂಡ್ಯ ಕಡೆ ನಾಲೆ ಬಯಲಿನ ಒಂದು ಹಳ್ಳಿ. ಅಪ್ಪ ತೀರ್ಕೊಂಡು ವರ್ಷಗಳಾದ್ರೂ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಣ್ಣ, ತಮ್ಮ, ಮದುವೆ ಆಗಿ ಬೆಂಗಳೂರು ಸೇರಿದ ತಂಗಿ. ಹಳೇ ತೊಟ್ಟಿ ಮನೆಗೆ ಮಧ್ಯ ಗೋಡೆ ಎತ್ತಿ ಇಬ್ಬರೂ ಬೇರೆ ಬೇರೆ ಒಲೆ ಹೂಡಿದಾರೆ, ಅಮ್ಮ ಅಣ್ಣನ ಕಡೆ ಇದಾರೆ. ಒಂದು ಸಾಯಂಕಾಲ ತೂಬಿನ ಹತ್ರ ನೀರಿನ ಸರದಿಗೆ ಜಗಳ ಆಗಿ ತಮ್ಮ ಅಣ್ಣನ್ನ ಮಚ್ಚಿನಿಂದ ಹೊಡೀತಾನೆ. ಹುಲ್ಲು ಕೊಯ್ಯೋಕೆ ಹೋಗಿದ್ದ ಅಮ್ಮ ನೋಡ್ತಾರೆ.

ಹಂತ 1: ಕೊಂದವನು ಯಾರು ಅನ್ನೋ ಗುಟ್ಟನ್ನ ಬೇಗ ಬಿಟ್ಟುಕೊಡಿ

ಇದಕ್ಕೆ ಧೈರ್ಯ ಬೇಕು ಗೊತ್ತು. ಆದ್ರೆ ನಮ್ಮ ದೇಶದ ಕೊಲೆಗಳ ಲೆಕ್ಕ ನೋಡಿ, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿ ಪ್ರಕಾರ ಆ ವರ್ಷ ದಾಖಲಾದ ಕೊಲೆ ಕೇಸು 28,522, ಅದರಲ್ಲಿ 9,962ಕ್ಕೆ ಕಾರಣ ಅಂತ ಬರೆದಿರೋದು ಜಗಳ, ವ್ಯಾಜ್ಯ. ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. ಅಂದ್ರೆ ಕೊಂದವನು ಎಲ್ಲಿಂದಲೋ ಬಂದ ಅಪರಿಚಿತ ಆಗಿರೋದು ಕಮ್ಮಿ, ಮುಖ ಪರಿಚಯ ಇದ್ದವನೇ, ಜಮೀನಿಗೆ, ನೀರಿಗೆ, ದುಡ್ಡಿಗೆ ಮಾತು ಬೆಳೆದು ಕೈ ಎತ್ತಿದವನೇ ಜಾಸ್ತಿ. ಇಂಥ ಕಡೆ ರಾತ್ರಿ ಹತ್ತು ಗಂಟೆಯೊಳಗೆ ಇಡೀ ಊರಿಗೆ ಯಾರು ಅಂತ ಗೊತ್ತಿರತ್ತೆ. ಹಾಗಾದ್ರೆ ಸಸ್ಪೆನ್ಸ್ ಎಲ್ಲಿ ಅಂತ ಕೇಳ್ತೀರಾ, ಸಸ್ಪೆನ್ಸ್ ಇರೋದು ಗೊತ್ತಿರೋದನ್ನ ಯಾರು ಬಾಯಿಬಿಟ್ಟು ಹೇಳ್ತಾರೆ ಅನ್ನೋದ್ರಲ್ಲಿ, ಯಾರಿಗೆ ಮೊದಲೇ ಸುಳಿವಿತ್ತು ಅನ್ನೋದ್ರಲ್ಲಿ. ಆವತ್ತು ಬೆಳಿಗ್ಗೆ ತಮ್ಮನ ಹೆಂಡತಿ ಮಚ್ಚು ಮಸೆಯೋ ಸದ್ದು ಕೇಳಿಸ್ಕೊಂಡಿದ್ಲಾ? ನಾಲೆ ನೀರು ಹಂಚೋ ನೀರಗಂಟಿ ಬೇಕಂತಲೇ ಸರದಿ ತಪ್ಪಿಸಿದ್ನಾ? ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದ್ರೆ ಪಾಲು ಆಗಿ ಇದ್ಯಾವುದೂ ನಡೀತಿರಲಿಲ್ಲವಾ? ಈ ಕೊನೇ ಪ್ರಶ್ನೆ ಒಂದೇ ಆ ಹೆಣ್ಣುಮಗಳನ್ನ ಮುನ್ನೂರು ಪುಟ ನಿದ್ದೆ ಮಾಡೋಕೆ ಬಿಡಲ್ಲ.

ಹಂತ 2: ಮೂರು ಕ್ಯಾಲೆಂಡರ್ ಬರೆದು ಗೋಡೆಗೆ ಅಂಟಿಸ್ಕೊಳ್ಳಿ

ಪ್ಲಾಟ್ ಮಾಡೋದು ಕಷ್ಟ ಅನ್ನೋರಿಗೆ ನಾನು ಇದನ್ನೇ ಹೇಳೋದು, ಪ್ಲಾಟ್ ನೀವು ಹುಟ್ಟಿಸಬೇಕಿಲ್ಲ, ಒಂದು ಸಾವಿನ ಸುತ್ತ ಮೂರು ದಿನಗಣನೆ ತಾನಾಗೇ ಓಡ್ತಾ ಇರತ್ತೆ, ಅವು ಒಂದಕ್ಕೊಂದು ಅಡ್ಡ ಬಂದ ಕಡೆ ನಿಮ್ಮ ಅಧ್ಯಾಯ.

ಮೊದಲನೇದು ಸಾವಿನ ಕ್ಯಾಲೆಂಡರ್. ಮಣ್ಣು ಮಾಡೋದು, ಮೂರನೇ ದಿನ ಹಾಲು ತುಪ್ಪ, 11ನೇ ದಿನ ತಿಥಿ, ಆಮೇಲೆ ವರ್ಷದ ಕಾರ್ಯ. ಊರು, ಜಾತಿ ಬದಲಾದ ಹಾಗೆ ಇದು ಬದಲಾಗತ್ತೆ, ಕರಾವಳೀಲಿ ಬೊಜ್ಜ ಅಂತಾರೆ, ಬ್ರಾಹ್ಮಣರಲ್ಲಿ 13ನೇ ದಿನ ವೈಕುಂಠ ಸಮಾರಾಧನೆ, ಲಿಂಗಾಯತರಲ್ಲಿ ಕ್ರಮವೇ ಬೇರೆ. ನಿಮ್ಮ ಕಥೆಯ ಮನೆತನ ಯಾವುದು ಅಂತ ಗಟ್ಟಿ ಮಾಡ್ಕೊಂಡು ಆ ಮನೆತನದ ವಯಸ್ಸಾದ ಹೆಂಗಸರನ್ನ ಕೇಳಿ, ಗಂಡಸರಿಗೆ ಅರ್ಧ ಮಾತ್ರ ಗೊತ್ತಿರತ್ತೆ.

ಎರಡನೇದು ಕಾನೂನಿನ ಕ್ಯಾಲೆಂಡರ್. ಅರೆಸ್ಟ್ ಆದ 24 ಗಂಟೆಯೊಳಗೆ ಆರೋಪಿನ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಕೊಲೆ ಕೇಸಲ್ಲಿ 90 ದಿನದೊಳಗೆ ದೋಷಾರೋಪಣ ಪಟ್ಟಿ ಹಾಕದಿದ್ರೆ ಆರೋಪಿಗೆ ಜಾಮೀನು ಕೇಳೋ ಹಕ್ಕು ಬಂದುಬಿಡತ್ತೆ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿಂದ ಸೆಷನ್ಸ್ ಕೋರ್ಟಿಗೆ ಕೇಸ್ ಹೋಗತ್ತೆ, ಅಲ್ಲಿಂದ ವಾಯ್ದೆ ಮೇಲೆ ವಾಯ್ದೆ.

ಮೂರನೇದು ಜಮೀನು ಮತ್ತು ಹೊಟ್ಟೆಪಾಡಿನ ಕ್ಯಾಲೆಂಡರ್, ಹೊಸಬರು ಪೂರ್ತಿ ಮರೆಯೋದು ಇದನ್ನೇ. ಹಸು ಸೂತಕ ಅಂತ ಹಾಲು ಕೊಡೋದು ನಿಲ್ಲಿಸಲ್ಲ, ಡೈರಿ ಬಟವಾಡೆ ಯಾರ ಹೆಸರಿಗೆ ಬರತ್ತೆ? ಕಬ್ಬು ಕಟಾವಿಗೆ ಬಂದಿದೆ, ಫ್ಯಾಕ್ಟರಿ ಒಪ್ಪಿಗೆ ಇರೋದು ಜೈಲಲ್ಲಿರೋ ತಮ್ಮನ ಹೆಸರಲ್ಲಿ, ಅತ್ತಿಗೆ ಆಲೆಮನೆಗೆ ಸಾಗಿಸಿಬಿಡ್ತಾಳಾ? ಸಂಘದ ಸಾಲದ ಕಂತು ವಾರ ವಾರ ಕಟ್ಟಬೇಕು. ಮರಣ 21 ದಿನದೊಳಗೆ ನೋಂದಣಿ ಆಗಬೇಕು, ಮರಣ ಪ್ರಮಾಣಪತ್ರ ಬೇಕು ಪೌತಿ ಖಾತೆಗೆ, ಅಂದ್ರೆ ಸತ್ತವರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋಕೆ, ಅದರ ಜೊತೆ ವಂಶವೃಕ್ಷ ಬೇಕು, ಆ ವಂಶವೃಕ್ಷದಲ್ಲಿ ಸತ್ತವನ ಹೆಸರಿನ ಪಕ್ಕದಲ್ಲೇ ಕೊಂದವನ ಹೆಸರು ಬರತ್ತೆ. ನಾಡಕಚೇರಿ ಕೌಂಟರ್ ಮುಂದೆ ನಿಂತು ಆ ವಿಧವೆ ಆ ಕಾಗದ ನೋಡೋ ಒಂದು ಪ್ಯಾರಾ ಬರೀರಿ, ಹತ್ತು ಪುಟದ ಅಳು ಬೇಕಾಗಲ್ಲ.

ಈಗ ಮೂರನ್ನೂ ಪಕ್ಕಪಕ್ಕ ಇಡಿ. ಹಾಲು ತುಪ್ಪದ ದಿನವೇ ಪೊಲೀಸ್ನೋರು ಆರೋಪಿನ ಕರ್ಕೊಂಡು ಮಚ್ಚು ಜಪ್ತಿ ಮಾಡೋಕೆ ಊರಿಗೆ ಬಂದ್ರೆ? 90 ದಿನ ಆಗೋ ಹೊತ್ತಿಗೆ ಊರಹಬ್ಬ ಬಂದ್ರೆ? ಸಾಕ್ಷಿ ಸಮನ್ಸು ನಾಟಿ ಹಾಕೋ ವಾರದಲ್ಲಿ ಬಂದ್ರೆ?

ಹಂತ 3: ಮೊದಲನೇ ರಾತ್ರಿನ ನಿಧಾನವಾಗಿ ಬರೀರಿ

ಸಿನಿಮಾದಲ್ಲಿ ಕೊಲೆ ಆದ ತಕ್ಷಣ ಚಿತೆ ಉರಿಯತ್ತೆ. ನಿಜದಲ್ಲಿ ಹೆಣ ಮನೆಗೆ ಬರೋದೇ ಇಲ್ಲ. ಶವ ಮಹಜರು ಆಗಬೇಕು, ಸಂಬಂಧಿಕರ ಹೇಳಿಕೆ ಬರ್ಕೋಬೇಕು, ಆಮೇಲೆ ಮರಣೋತ್ತರ ಪರೀಕ್ಷೆ. ಸೂರ್ಯ ಮುಳುಗಿದ ಮೇಲೂ ಪೋಸ್ಟ್‌ಮಾರ್ಟಂ ಮಾಡಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2021ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿದೆ ನಿಜ, ಆದ್ರೆ ಕೊಲೆ, ಆತ್ಮಹತ್ಯೆ, ಅನುಮಾನದ ಸಾವು ಇಂಥವನ್ನ ಅದರಿಂದ ಹೊರಗಿಟ್ಟಿದಾರೆ, ಕಾನೂನು ಸುವ್ಯವಸ್ಥೆ ಸಮಸ್ಯೆ ಇದ್ರೆ ಮಾತ್ರ ಬೇರೆ. ಹಾಗಾಗಿ ಸಾಯಂಕಾಲ ಆದ ಕೊಲೆ ಅಂದ್ರೆ ಹೆಣ ರಾತ್ರಿಯೆಲ್ಲ ಶವಾಗಾರದಲ್ಲಿ, ಮನೆಯವರು ಹೊರಗೆ ಮರದ ಕೆಳಗೆ.

ಆ ರಾತ್ರಿಲಿ ಏನೆಲ್ಲ ಇದೆ ನೋಡಿ. ಹೆಣದ ಹತ್ರ ಯಾರು ಕೂತಿರ್ತಾರೆ? ಸಾಮಾನ್ಯವಾಗಿ ತಮ್ಮ ಕೂತಿರಬೇಕಿತ್ತು, ಓಡಾಡಬೇಕಿತ್ತು, ಆಂಬುಲೆನ್ಸಿಗೆ ದುಡ್ಡು ಹೊಂದಿಸಬೇಕಿತ್ತು. ಆ ಜಾಗ ಖಾಲಿ ಇದೆ. ಬಿಳಿ ಬಟ್ಟೆ ತರೋಕೆ ಹೋದ ಭಾವಮೈದುನ ಅಂಗಡಿ ಮುಚ್ಚಿದೆ ಅಂತ ಬರೀ ಕೈಲಿ ಬರ್ತಾನೆ. ಬೆಂಗಳೂರಲ್ಲಿರೋ ತಂಗಿಗೆ ಮನೆಯವರು ಫೋನ್ ಮಾಡೋ ಮುಂಚೆ ಊರಿನ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಬಂದುಬಿಟ್ಟಿರತ್ತೆ, ಅಣ್ಣ ಗದ್ದೆ ಬದುವಿನ ಮೇಲೆ ಬಿದ್ದಿರೋದು, ಯಾರೋ ಜೂಮ್ ಮಾಡಿ ತೆಗೆದಿದಾರೆ. ಆ ಫೋಟೋ ಯಾರು ಹಾಕಿದ್ದು ಅನ್ನೋದನ್ನ ಅವಳು ಯಾವತ್ತೂ ಮರೆಯಲ್ಲ, ಮುಂದೆ ಅವನ ಮದುವೆ ಇನ್ವಿಟೇಶನ್ ಬಂದಾಗ ನೆನಪಾಗತ್ತೆ. ಇತ್ತ ಊರಲ್ಲಿ ಅಣ್ಣನ ಮಕ್ಕಳು ಎಲ್ಲಿ ಮಲಗಿದ್ರು ಅಂತ ಯೋಚನೆ ಮಾಡಿ. ಗೋಡೆಯಾಚೆ ಚಿಕ್ಕಮ್ಮನ ಮಕ್ಕಳ ಜೊತೆ ದಿನಾ ಒಟ್ಟಿಗೆ ಟೀವಿ ನೋಡ್ತಿದ್ದ ಮಕ್ಕಳು ಅವು.

ರಕ್ತದ ವರ್ಣನೆ ಬೇಡ ಅಂತ ನಾನು ಹೇಳಲ್ಲ, ಆದ್ರೆ ಅದು ಅರ್ಧ ಪುಟ ಸಾಕು. ಮಿಕ್ಕಿದ್ದನ್ನ ಈ ಕಾಯೋದಕ್ಕೆ ಕೊಡಿ.

ಮಾರನೇ ದಿನ ಮಣ್ಣು ಮಾಡೋದು ಎಲ್ಲಿ? ನಮ್ಮ ಕಥೆಯ ಕಡೆ ಸ್ವಂತ ಜಮೀನಲ್ಲೇ ಮಣ್ಣು ಮಾಡೋದುಂಟು. ಸ್ವಂತ ಜಮೀನು ಅಂದ್ರೆ ವ್ಯಾಜ್ಯದಲ್ಲಿರೋ ಅದೇ ಗದ್ದೆ. ಅತ್ತಿಗೆ ಹಠ ಹಿಡಿದು ತೂಬಿನ ಪಕ್ಕದಲ್ಲೇ ಗುಂಡಿ ತೋಡ್ಸಿದ್ರೆ ಅದು ದುಃಖವೂ ಹೌದು, ಹಕ್ಕು ಸಾಧಿಸೋದೂ ಹೌದು, ಅವಳಿಗೇ ಬಿಡಿಸಿ ಹೇಳೋಕೆ ಬರಲ್ಲ. ಹೀಗೆ ಎರಡೂ ಒಟ್ಟಿಗೆ ಇರೋ ಕೆಲಸಗಳನ್ನ ಹುಡುಕ್ತಾ ಇರಿ.

ಹಂತ 4: ಎರಡೂ ಮನೆಗೆ ಸೇರಿದ ಒಬ್ಬರ ಕಣ್ಣಿಂದ ನೋಡಿ

ಯಾರ ಬಾಯಲ್ಲಿ ಕಥೆ ಹೇಳಿಸ್ಬೇಕು ಅನ್ನೋದು ಈ ಥರದ ಕಾದಂಬರಿಯ ಅತಿ ದೊಡ್ಡ ನಿರ್ಧಾರ. ವಿಧವೆ ಬಾಯಲ್ಲಿ ಹೇಳಿಸಿದ್ರೆ ನ್ಯಾಯದ ಕಥೆ ಆಗತ್ತೆ, ಕೊಂದವನ ಹೆಂಡತಿ ಬಾಯಲ್ಲಿ ಆದ್ರೆ ಅವಮಾನದ ಕಥೆ. ಎರಡೂ ಬರೀಬಹುದು. ಆದ್ರೆ ನಮ್ಮ ಕಥೇಲಿ ಆ ತಾಯಿ ಇದಾರಲ್ಲ, ಸತ್ತವನೂ ಅವರ ಮಗ, ಕೊಂದವನೂ ಅವರ ಮಗ, ಕಣ್ಣಾರೆ ಕಂಡವರು ಅವರೊಬ್ಬರೇ. ನಾನಾದ್ರೆ ಅವರನ್ನ ಬಿಟ್ಟು ಎಲ್ಲೂ ಹೋಗಲ್ಲ.

ಅವರ ಸುತ್ತ ಇರೋ ಸಣ್ಣ ಸಣ್ಣ ವ್ಯವಹಾರಗಳನ್ನ ತಿಳ್ಕೊಳ್ಳಿ. ಸೂತಕ ಅನ್ನೋದು ದಾಯಾದಿಗಳಿಗೆಲ್ಲ ಬರತ್ತೆ, ಅಂದ್ರೆ ಕೊಂದವನ ಹೆಂಡತಿ ಮಕ್ಕಳೂ ಅದೇ ಸಾವಿಗೆ ಸೂತಕದಲ್ಲಿರ್ತಾರೆ. ಗೋಡೆಯ ಎರಡೂ ಕಡೆ ಒಲೆ ಹಚ್ಚಿಲ್ಲ, ಎರಡೂ ಕಡೆಗೆ ಊಟ ಹೊರಗಿಂದ ಬರಬೇಕು, ಆ ಕಡೆಗೆ ಯಾರು ತಂದುಕೊಡ್ತಾರೆ? ಅಜ್ಜಿ ತನಗೆ ತಂದ ಅನ್ನದಲ್ಲಿ ಅರ್ಧ ಎತ್ತಿ ಆಚೆ ಮನೆ ಮೊಮ್ಮಗುಗೆ ಕೊಡೋದನ್ನ ದೊಡ್ಡ ಸೊಸೆ ನೋಡಿಬಿಡ್ತಾಳೆ. ಒಂದೂ ಮಾತಾಡಲ್ಲ. ಆವತ್ತಿಂದ ಅತ್ತೆ ಸೊಸೆ ಮಧ್ಯ ಏನೋ ಮುರಿಯತ್ತೆ.

ಆಮೇಲೆ ಜೈಲಿಗೆ ಹೋಗೋದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಫ್ರೀ. ಕಥೆಗೆ ಇದು ಎಷ್ಟು ಮುಖ್ಯ ಗೊತ್ತಾ, ಮುಂಚೆ ಆಗಿದ್ರೆ ಆ ತಾಯಿ ಕೊಲೆಗಾರ ಮಗನ್ನ ನೋಡೋಕೆ ಹೋಗ್ಬೇಕು ಅಂದ್ರೆ ಬಸ್ ಚಾರ್ಜಿಗೆ ವಿಧವೆ ಸೊಸೆ ಹತ್ರ ಕೈ ಚಾಚಬೇಕಿತ್ತು, ಈಗ ಆಧಾರ್ ಕಾರ್ಡ್ ಸೀರೆ ಸೆರಗಲ್ಲಿ ಕಟ್ಕೊಂಡು ಡಾಕ್ಟರ್ ಹತ್ರ ಹೋಗ್ತೀನಿ ಅಂತ ಹೇಳಿ ಮಂಡ್ಯಕ್ಕೆ ಹೋಗಿ ಬಂದುಬಿಡಬಹುದು. ಸುಳ್ಳು ಹೇಳೋಕೆ ದಾರಿ ಆಯ್ತು, ಸುಳ್ಳು ಸಿಕ್ಕಿಬೀಳೋಕೂ ದಾರಿ ಆಯ್ತು. ಕಥೆ ನಡೆಯೋ ವರ್ಷ ಯಾವುದು ಅಂತ ಮೊದಲೇ ನಿಗದಿ ಮಾಡ್ಕೊಳ್ಳಿ ಅಂತ ನಾನು ಒತ್ತಿ ಒತ್ತಿ ಹೇಳೋದು ಇದಕ್ಕೇ.

ಆಸ್ತಿ ವಿಷಯದಲ್ಲೂ ಈ ತಾಯಿ ನಡುಮಧ್ಯ ಇದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕೊಲೆ ಮಾಡಿದವನಿಗೆ ಕೊಲೆಯಾದವನ ಆಸ್ತೀಲಿ ವಾರಸುದಾರಿಕೆ ಇಲ್ಲ. ವಿಲ್ ಬರೆಯದೆ ಸತ್ತ ಗಂಡಸಿನ ಪಾಲು ಮೊದಲನೇ ದರ್ಜೆ ವಾರಸುದಾರರಿಗೆ ಹೋಗತ್ತೆ, ಅದರಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು. ಹಾಗಾಗಿ ಸತ್ತ ಮಗನ ಪಾಲಿನಲ್ಲಿ ಒಂದು ತುಂಡು ಅಮ್ಮನ ಕೈಗೆ ಬರತ್ತೆ, ಅಮ್ಮ ಅದನ್ನ ಮುಂದೆ ಯಾರಿಗೆ ಕೊಡ್ತಾರೆ? ಚಿಕ್ಕ ಸೊಸೆ ಅತ್ತೆ ಕಾಲು ಒತ್ತೋಕೆ ಶುರು ಮಾಡೋದು ಪಶ್ಚಾತ್ತಾಪಕ್ಕಾ, ಆ ತುಂಡು ನೆಲಕ್ಕಾ? ಓದುಗರಿಗೂ ಗೊತ್ತಾಗಬಾರದು, ಆ ಸೊಸೆಗೂ ಪೂರ್ತಿ ಗೊತ್ತಿರಬಾರದು.

ಹಂತ 5: ಊರನ್ನ ಒಂದು ಪಾತ್ರ ಅಂತ ಬರೀಬೇಡಿ, ಮನೆ ಮನೆಯಾಗಿ ಒಡೆದು ಬರೀರಿ

"ಇಡೀ ಊರೇ ಬೆಚ್ಚಿಬಿತ್ತು" ಅನ್ನೋ ವಾಕ್ಯ ಬಂದ್ರೆ ಹೊಡೆದುಹಾಕಿ. ಊರು ಒಟ್ಟಿಗೆ ಬೆಚ್ಚಿಬೀಳಲ್ಲ. ಡೈರಿ ಅಧ್ಯಕ್ಷನಿಗೆ ಬೇರೆ ಲೆಕ್ಕ, ನೀರಗಂಟಿಗೆ ಬೇರೆ ಭಯ, ಪಕ್ಕದ ಗದ್ದೆಯವನಿಗೆ ಒಳಗೊಳಗೇ ಆಸೆ, ಕೇರಿಯಿಂದ ಕೂಲಿಗೆ ಬರೋ ಹೆಂಗಸರಿಗೆ ಆ ವಾರದ ಕೂಲಿ ಯಾರು ಕೊಡ್ತಾರೆ ಅನ್ನೋ ಚಿಂತೆ. ಒಂದು ಹಾಳೇಲಿ ಹತ್ತು ಮನೆ ಬರ್ಕೊಳ್ಳಿ, ಪ್ರತಿ ಮನೆಗೂ ಈ ಕೊಲೆಯಿಂದ ಏನು ಹೋಯ್ತು ಏನು ಬಂತು ಅಂತ ಒಂದೊಂದು ಸಾಲು.

ಊರು ಒಡೆಯೋದು ಭಾಷಣದಲ್ಲಿ ಕಾಣಲ್ಲ, ಕೆಲಸದಲ್ಲಿ ಕಾಣತ್ತೆ. ಮುಯ್ಯಾಳು ನಿಲ್ಲತ್ತೆ, ಅವರ ಗದ್ದೆಗೆ ಇವರು ನಾಟಿಗೆ ಹೋಗಲ್ಲ. ದುಃಖ ಮಾತಾಡ್ಸೋಕೆ ಬಂದವರು ಗೋಡೆಯ ಆ ಕಡೆ ಬಾಗಿಲು ನೋಡದ ಹಾಗೆ ನಡೆದುಹೋಗ್ತಾರೆ, ಇನ್ನು ಕೆಲವರು ಕತ್ತಲಾದ ಮೇಲೆ ಆ ಬಾಗಿಲಿಗೂ ಹೋಗ್ತಾರೆ. ಎರಡೂ ಮನೆ ಹೆಣ್ಣುಮಕ್ಕಳಿಗೆ ಗಂಡು ಬರೋದು ನಿಲ್ಲತ್ತೆ, ಕೊಂದವರ ಮನೆ ಅಂತ ಒಂದಕ್ಕೆ, ಕೋರ್ಟು ಕಚೇರಿ ಮನೆ ಅಂತ ಇನ್ನೊಂದಕ್ಕೆ.

ನನಗೆ ಎಲ್ಲಕ್ಕಿಂತ ಬಲವಾದ ಘಟ್ಟ ಅನ್ಸೋದು ಜಾಮೀನು. ಕೋರ್ಟು ಜಾಮೀನು ಕೊಟ್ರೆ ಸಾಲದು, ಜಾಮೀನುದಾರರು ಬೇಕು, ಅವರು ತಮ್ಮ ಪಹಣಿ ತಗೊಂಡು ಹೋಗಿ ಕೋರ್ಟಲ್ಲಿ ನಿಲ್ಲಬೇಕು. ಅಲ್ಲಿವರೆಗೂ "ಅಯ್ಯೋ ಪಾಪ" ಅಂತ ಎರಡೂ ಕಡೆ ಹೇಳ್ಕೊಂಡು ಓಡಾಡಿದ ಊರು ಆವತ್ತು ಬಯಲಾಗತ್ತೆ, ಯಾರ ಪಹಣಿ ಹೋಯ್ತು ಅಂತ. ಅಣ್ಣನ ಜೊತೆ ದಿನಾ ಬೆಳಿಗ್ಗೆ ಡೈರೀಲಿ ಹಾಲು ಹಾಕ್ತಾ ನಿಂತಿದ್ದ ಗೆಳೆಯನದ್ದೇ ಆಗಿದ್ರೆ? ಯಾಕೆ ಕೊಟ್ಟ? ಹಳೇ ಸಾಲ ಇತ್ತಾ, ತಮ್ಮನ ಮಕ್ಕಳ ಮೇಲೆ ಕರುಣೆ ಬಂತಾ? ಆ ತಾಯಿ ಗುಟ್ಟಾಗಿ ಹೋಗಿ ಅವನ ಕಾಲು ಹಿಡಿದ್ರಾ?

ಕೊಲೆ ಜಾತಿ ಗೆರೆ ದಾಟಿದ್ರೆ ಎಲ್ಲ ಬದಲಾಗತ್ತೆ, ಅದನ್ನ ಹಗುರವಾಗಿ ಮುಟ್ಟಬೇಡಿ. ಸತ್ತವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿ ಕೊಂದವರು ಬೇರೆಯವರಾದ್ರೆ ದೌರ್ಜನ್ಯ ತಡೆ ಕಾಯ್ದೆ ಬರತ್ತೆ, ತನಿಖೆ ಡಿವೈಎಸ್‌ಪಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ ಮಾಡ್ಬೇಕು, ವಿಶೇಷ ನ್ಯಾಯಾಲಯ ಇರತ್ತೆ. ಇಷ್ಟೆಲ್ಲ ಇದ್ದೂ ಏನಾಗತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ ಕಂಬಾಲಪಲ್ಲಿ ಕಣ್ಮುಂದೆ ಇದೆ. ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಸುಟ್ಟು ಕೊಂದ್ರು, ವಿಚಾರಣೆ ಹೊತ್ತಿಗೆ ಸಾಕ್ಷಿಗಳು ತಿರುಗಿಬಿದ್ರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದ್ರು. ಆ ಆರು ವರ್ಷ ಸಾಕ್ಷಿಗಳು ಯಾರ ಹೊಲಕ್ಕೆ ಕೂಲಿಗೆ ಹೋಗ್ತಿದ್ರು, ಯಾರ ಅಂಗಡೀಲಿ ಸಾಮಾನು ತಗೋತಿದ್ರು ಅಂತ ಯೋಚನೆ ಮಾಡದೆ ಹೆದರಿಕೊಂಡ ಸಾಕ್ಷಿ ಅನ್ನೋ ಪಾತ್ರ ಬರೀಬೇಡಿ.

ಹಂತ 6: ಪೊಲೀಸ್ ಭಾಗ ಚಿಕ್ಕದಿರಲಿ, ಆದ್ರೆ ಸರಿ ಇರಲಿ

ಇಲ್ಲಿ ಬೇಗ ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ಇದು ಕಥೆಯ ಜೀವ ಅಲ್ಲ, ಆದ್ರೂ ತಪ್ಪಿದ್ರೆ ಓದುಗ ನಂಬಲ್ಲ. 2024ರ ಜುಲೈ 1ರಿಂದ ಹೊಸ ಕಾನೂನು, ಕೊಲೆ ಅಂದ್ರೆ ಈಗ ಭಾರತೀಯ ನ್ಯಾಯ ಸಂಹಿತೆಯ 103, ಅದಕ್ಕೆ ಮುಂಚೆ ನಡೆದ ಕೊಲೆಯಾದ್ರೆ ಐಪಿಸಿ 302. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ ಹೊಸ ಕಾನೂನಲ್ಲಿದೆ.

ಇನ್ಸ್‌ಪೆಕ್ಟರ್ ಮುಂದೆ ಆರೋಪಿ ಅತ್ತು ತಪ್ಪೊಪ್ಪಿಕೊಂಡ, ಕೇಸ್ ಮುಗೀತು, ಅಂತ ಬರೆಯೋರು ದಯವಿಟ್ಟು ನಿಲ್ಲಿಸಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಲ್ಲಿ ಸಾಕ್ಷ್ಯ ಆಗಲ್ಲ. ಆ ಮಾತಿನಿಂದ ಏನಾದ್ರೂ ಪತ್ತೆಯಾದ್ರೆ, ಉದಾಹರಣೆಗೆ ಬಚ್ಚಿಟ್ಟ ಮಚ್ಚು, ಅದಕ್ಕೆ ಸಂಬಂಧಪಟ್ಟಷ್ಟು ಮಾತ್ರ ನಿಲ್ಲತ್ತೆ. ಇದು ಕಥೆಗೆ ಒಳ್ಳೇದೇ ಆಯ್ತು, ಯಾಕಂದ್ರೆ ಆ ಮಚ್ಚು ತೋರಿಸೋಕೆ ಅವನನ್ನ ಹಗಲು ಹೊತ್ತು ಊರೊಳಗೆ ನಡೆಸ್ಕೊಂಡು ಬರ್ತಾರೆ, ಮಹಜರಿಗೆ ಸಾಕ್ಷಿಯಾಗಿ ಪಂಚರು ಜೊತೆಗಿರ್ತಾರೆ, ಜಗುಲಿ ಮೇಲೆ ಜನ ಇರ್ತಾರೆ, ಅವನ ಮಗು ಸ್ಕೂಲಿಂದ ಬರೋ ಹೊತ್ತಾಗಿರತ್ತೆ.

ಪೊಲೀಸರು ಬರ್ಕೊಳ್ಳೋ ಸಾಕ್ಷಿ ಹೇಳಿಕೆಗೆ ಸಾಕ್ಷಿಯ ಸೈನ್ ಇರಲ್ಲ, ಸೈನ್ ಇರೋದು ದೂರಿಗೆ, ಮಹಜರಿಗೆ. ಹೆಂಗಸರನ್ನ, 60 ದಾಟಿದ ಗಂಡಸರನ್ನ ಸಾಕ್ಷಿ ಅಂತ ವಿಚಾರಿಸೋಕೆ ಸ್ಟೇಷನ್ನಿಗೆ ಬನ್ನಿ ಅಂತ ಬಲವಂತ ಮಾಡೋ ಹಾಗಿಲ್ಲ, ಅವರಿರೋ ಕಡೆಗೇ ಹೋಗಿ ಕೇಳಬೇಕು. ಹಾಗಾಗಿ ನಮ್ಮ ತಾಯಿ ಹೇಳಿಕೆ ಅಡುಗೆಮನೆ ಬಾಗಿಲಲ್ಲೇ ಆಗತ್ತೆ, ಗೋಡೆಯಾಚೆ ಚಿಕ್ಕ ಸೊಸೆ ಉಸಿರು ಬಿಗಿಹಿಡಿದು ಕೇಳಿಸ್ಕೋತಿರ್ತಾಳೆ. ಸ್ಟೇಷನ್ ಸೆಟ್ ಹಾಕೋದಕ್ಕಿಂತ ಇದು ಎಷ್ಟು ಚೆನ್ನಾಗಿದೆ ನೋಡಿ. ಆಮೇಲೆ ಆ ತನಿಖಾಧಿಕಾರಿಗೆ ಟ್ರಾನ್ಸ್‌ಫರ್ ಮಾಡಿಸಿ, ಕೇಸ್ ವಿಚಾರಣೆಗೆ ಬರೋ ಹೊತ್ತಿಗೆ ಅವರು ಬೇರೆ ಜಿಲ್ಲೇಲಿರ್ತಾರೆ, ಮನೆಯವರು ಮಾತ್ರ ಅಲ್ಲೇ ಇರ್ತಾರೆ.

ಹಂತ 7: ಕೋರ್ಟು

ಕೋರ್ಟಲ್ಲಿ ಎಲ್ಲರಿಗೂ ನಂಬರು. ಆರೋಪಿ ಎ1, ಸಾಕ್ಷಿಗಳು ಪಿಡಬ್ಲ್ಯೂ 1, ಪಿಡಬ್ಲ್ಯೂ 2, ಜಪ್ತಿ ಮಾಡಿದ ವಸ್ತುಗಳು ಎಂಒ 1, ಎಂಒ 2. ಮನೆಯವರು ಅಂದ್ಕೊಳ್ಳೋದು ನಮ್ಮ ವಕೀಲರು ವಾದ ಮಾಡ್ತಾರೆ ಅಂತ, ಆದ್ರೆ ಕೇಸು ನಡೆಸೋದು ಸರ್ಕಾರಿ ಅಭಿಯೋಜಕರು, ಮನೆಯವರ ವಕೀಲರು ಅವರಿಗೆ ಸಹಾಯ ಮಾಡಬಹುದು ಅಷ್ಟೇ. ನನ್ನ ಗಂಡನ ಕೊಲೆ ಕೇಸಲ್ಲಿ ನಾನು ಬರೀ ಒಂದು ಸಾಕ್ಷಿನಾ ಅಂತ ಆ ವಿಧವೆಗೆ ಅನ್ಸೋ ದಿನ ಒಂದಿರತ್ತೆ, ಅದನ್ನ ಬಿಡಬೇಡಿ.

ತಾಯಿ ಸಾಕ್ಷಿಕಟ್ಟೆ ಹತ್ತೋ ದಿನಕ್ಕೆ ನಿಮ್ಮ ಇಡೀ ಕಾದಂಬರಿ ನಡೆದುಬರಬೇಕು. ಹಿಂದಿನ ರಾತ್ರಿ ಯಾರು ಯಾರು ಬಂದು ಮಾತಾಡಿದ್ರು? ದೊಡ್ಡ ಸೊಸೆ ಏನೂ ಕೇಳಲಿಲ್ಲ ಅನ್ನೋದು ಎಷ್ಟು ಭಾರ? ಊರ ಹಿರೀಕರು ಒಬ್ಬರು "ಹೋದೋನ್ ಹೋದ ಕನವ್ವ, ಇರೋನ್ನಾರ ಉಳ್ಸ್ಕೊ" ಅಂದಿರ್ತಾರೆ, ಆ ಮಾತು ಕ್ರೂರ ಅಂತ ಅವರಿಗೆ ಅನಿಸಿರಲ್ಲ, ನಿಜವಾಗಲೂ ಒಳ್ಳೇದು ಹೇಳ್ತಿದೀನಿ ಅಂತಲೇ ಅಂದ್ಕೊಂಡಿರ್ತಾರೆ. ಪ್ರಾಸಿಕ್ಯೂಟರ್ ಎಂಒ ಅಂತ ಒಂದು ಕವರ್ ಬಿಚ್ಚಿ ಅಂಗಿ ಎತ್ತಿ ತೋರಿಸ್ತಾರೆ, ಇದು ಯಾರದಮ್ಮ ಅಂತ ಕೇಳ್ತಾರೆ. ಆ ಅಂಗಿ ಅವರೇ ಒಗೆದು ಒಣಗಿಹಾಕ್ತಿದ್ದಿದ್ದು. ಎದುರುಗಡೆ ಎ1 ನಿಂತಿದಾನೆ, ಜೈಲೂಟಕ್ಕೆ ಸೊರಗಿದಾನೆ.

ಅವರು ಏನು ಹೇಳ್ತಾರೆ ಅಂತ ನಾನು ಹೇಳಲ್ಲ, ನೀವು ನಿರ್ಧಾರ ಮಾಡಿ. ಒಂದು ಮಾತ್ರ: ಅವರು "ನಾನು ನೋಡಿಲ್ಲ" ಅಂದ್ರೆ ಕಾನೂನಿಗೆ ಅದು ಪ್ರತಿಕೂಲ ಸಾಕ್ಷಿ, ಆದ್ರೆ ನಿಮ್ಮ ಕಾದಂಬರೀಲಿ ಅದು ದ್ರೋಹ ಅಂತಾನೋ ತ್ಯಾಗ ಅಂತಾನೋ ಹಣೆಪಟ್ಟಿ ಹಚ್ಚಬೇಡಿ. ಆ ಸಂಜೆ ಅದೇ ಬಸ್ಸಲ್ಲಿ ಅತ್ತೆ ಸೊಸೆ ಇಬ್ಬರೂ ಅದೇ ಊರಿಗೆ ವಾಪಸ್ ಬರಬೇಕು, ಎಲ್ಲಿ ಕೂರ್ತಾರೆ ಅಂತ ಬರೀರಿ.

ತೀರ್ಪುಗಳ ಕೊನೇಲಿ ಸಾಮಾನ್ಯವಾಗಿ ಒಂದು ಸಾಲು ಇರತ್ತೆ, ಜಪ್ತಿಯಾದ ಇಂತಿಂಥ ವಸ್ತುಗಳು ಬೆಲೆಯಿಲ್ಲದವು, ಅಪೀಲು ಅವಧಿ ಮುಗಿದ ಮೇಲೆ ನಾಶಪಡಿಸೋದು ಅಂತ. ಆ ಅಂಗಿಗೂ ಅದೇ ಗತಿ. ಯಾರ ಗಮನಕ್ಕೂ ಬರದ ಇಂಥ ಸಾಲುಗಳಿಗೋಸ್ಕರ ತೀರ್ಪುಗಳನ್ನ ಓದಬೇಕು, ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಜಿಲ್ಲಾ ನ್ಯಾಯಾಲಯಗಳ ತೀರ್ಪು ದುಡ್ಡಿಲ್ಲದೆ ಸಿಗತ್ತೆ. ಜಿಲ್ಲಾ ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ನೋಡಿ, ಸಾಮಾನ್ಯ ಕೊಲೆ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯೋದು, ಮೊಬೈಲ್ ಸೈಲೆಂಟ್ ಮಾಡಿ, ರೆಕಾರ್ಡ್ ಮಾಡೋಕೆ ಹೋಗಬೇಡಿ. ಒಳಗಿನ ವಾದಕ್ಕಿಂತ ಹೊರಗಿನ ಕಾರಿಡಾರಲ್ಲಿ ಎರಡೂ ಕಡೆಯವರು ಒಂದೇ ಬೆಂಚಿನ ಎರಡು ತುದೀಲಿ ಕೂತಿರೋದನ್ನ ಗಮನಿಸಿ.

ಹಂತ 8: ನಿಜವಾದ ಮನೆಯವರ ವಿಷಯದಲ್ಲಿ ಮರ್ಯಾದೆ ಇರಲಿ

ನಿಮ್ಮೂರಲ್ಲೋ ಪಕ್ಕದೂರಲ್ಲೋ ನಡೆದ ಕೊಲೆಯಿಂದಲೇ ನಿಮಗೆ ಕಥೆ ಹುಟ್ಟಿರಬಹುದು, ತಪ್ಪಿಲ್ಲ. ಆದ್ರೆ ಹೆಸರು ಬದಲಾಯಿಸಿದ್ರೆ ಸಾಕು ಅಂದ್ಕೋಬೇಡಿ, ಹಳ್ಳೀಲಿ ಹೆಸರಿಲ್ಲದೆಯೂ ಗುರುತು ಸಿಗತ್ತೆ. ಮಕ್ಕಳ ಸಂಖ್ಯೆ, ಕಸುಬು, ಸಂಬಂಧ, ಊರು, ಕೊಲೆಯಾದ ಜಾಗ, ಇದನ್ನೆಲ್ಲ ಬದಲಾಯಿಸಿ, ಒಂದು ಭಾವನೆ ಮಾತ್ರ ಉಳಿಸ್ಕೊಳ್ಳಿ. ಕೇಸು ಇನ್ನೂ ನಡೀತಿದ್ರೆ ಮುಟ್ಟಲೇಬೇಡಿ. ಅಂಥ ಮನೆಯವರ ಹತ್ರ ಮಾತಾಡೋ ಅವಕಾಶ ಸಿಕ್ರೆ ಕೊಲೆ ಬಗ್ಗೆ ಕೇಳಬೇಡಿ, ಹೋದವರು ಹೇಗಿದ್ರು ಅಂತ ಕೇಳಿ, ಯಾವ ಸಾರು ಇಷ್ಟ, ಯಾರಿಗೆ ರೇಗಿಸ್ತಿದ್ರು. ಎಷ್ಟೋ ಮನೆಗಳಲ್ಲಿ ಪೊಲೀಸರು, ವಕೀಲರು, ಪತ್ರಿಕೆಯವರು ಎಲ್ಲ ಸಾವಿನ ಬಗ್ಗೆ ಕೇಳಿರ್ತಾರೆ, ಬದುಕಿನ ಬಗ್ಗೆ ಒಬ್ಬರೂ ಕೇಳಿರಲ್ಲ.

ಇದು ಬರವಣಿಗೆಗೂ ಅನ್ವಯ. ಸತ್ತ ಅಣ್ಣನಿಗೆ ಕಾದಂಬರೀಲಿ ಕನಿಷ್ಠ ಮೂರು ಕಡೆ ಬದುಕಿ ಓಡಾಡೋಕೆ ಜಾಗ ಕೊಡಿ, ಅದರಲ್ಲಿ ಒಂದು ಕಡೆ ಅವನು ಕೆಟ್ಟವನಾಗಿಯೂ ಇರಲಿ, ತಮ್ಮನ ಸರದಿ ನೀರನ್ನ ಅವನೂ ಕದ್ದಿದ್ದ ಒಂದು ರಾತ್ರಿ ಇರಲಿ.

ಹಂತ 9: ಎಲ್ಲಿ ನಿಲ್ಲಿಸ್ಬೇಕು, ಎಲ್ಲಿಂದ ಶುರು ಮಾಡ್ಬೇಕು

ತೀರ್ಪಿಗೆ ಕಾದಂಬರಿ ಮುಗಿಸೋದು ಸುಲಭ, ಆದ್ರೆ ತೀರ್ಪಿಗೆ ಏನೂ ಮುಗಿಯಲ್ಲ. ಶಿಕ್ಷೆ ಆದ್ರೆ ಅವನು ಹೈಕೋರ್ಟಿಗೆ ಹೋಗ್ತಾನೆ, ಖುಲಾಸೆ ಆದ್ರೆ ಸತ್ತವನ ಮನೆಯವರಿಗೂ ಮೇಲ್ಮನವಿ ಹಾಕೋ ಹಕ್ಕಿದೆ, ಹಾಕೋಕೆ ದುಡ್ಡೂ ಮನಸ್ಸೂ ಉಳಿದಿದೆಯಾ ಅನ್ನೋದು ಬೇರೆ. ಮೂರನೇ ಕ್ಯಾಲೆಂಡರಿನ ಒಂದು ದಿನಕ್ಕೆ ಮುಗಿಸಿ, ಪೌತಿ ಖಾತೆ ಆದ ದಿನವೋ, ಆ ಗದ್ದೆಗೆ ಮತ್ತೆ ನೀರು ಬಿಟ್ಟ ದಿನವೋ, ಅಣ್ಣನ ಮಗ ಮೊದಲ ಸಲ ತೂಬಿನ ಹತ್ರ ಸರದಿಗೆ ಹೋಗೋ ದಿನವೋ.

ಬರೆಯೋಕೆ ಮಾತ್ರ ಕೊಲೆಯಿಂದ ಶುರು ಮಾಡಬೇಡಿ, 11ನೇ ದಿನದ ತಿಥಿ ಅಧ್ಯಾಯ ಮೊದಲು ಬರೀರಿ. ಆವತ್ತು ಎಲ್ಲ ಪಾತ್ರಗಳೂ ಒಂದೇ ಕಡೆ ಸೇರಿರ್ತಾರೆ, ತಂಗಿ ಬಂದಿರ್ತಾಳೆ, ಬೀಗರು ಬಂದಿರ್ತಾರೆ, ಅಡುಗೆಯವರಿಗೆ ಅಡ್ವಾನ್ಸ್ ಯಾರು ಕೊಟ್ರು ಅನ್ನೋದರಿಂದ ಹಿಡಿದು ಪಿಂಡ ಇಡೋಕೆ ಚಿಕ್ಕ ಹುಡುಗನ್ನ ಕೂರಿಸಬೇಕಾ, ದೂರದ ದಾಯಾದಿನ ಕೂರಿಸಬೇಕಾ ಅನ್ನೋವರೆಗೂ ಜಗಳ ಇರತ್ತೆ, ಪಂಕ್ತೀಲಿ ಯಾರ ಪಕ್ಕ ಯಾರು ಕೂರಲ್ಲ ಅಂತ ಕಾಣತ್ತೆ. ಆ ಒಂದು ಅಧ್ಯಾಯ ಗಟ್ಟಿಯಾಗಿ ಬಂದ್ರೆ ನಿಮಗೆ ಎಲ್ಲರ ಸಂಬಂಧ, ಎಲ್ಲರ ಮಾತಿನ ಧಾಟಿ ಕೈಗೆ ಸಿಕ್ಕಿರತ್ತೆ, ಅಲ್ಲಿಂದ ಹಿಂದಕ್ಕೆ ಹೋಗಿ ತೂಬಿನ ಜಗಳ ಬರೀರಿ, ಮುಂದಕ್ಕೆ ಹೋಗಿ ಜಾಮೀನು ಬರೀರಿ. ಇನ್ಸ್‌ಪೆಕ್ಟರ್‌ಗೆ ಹೆಸರಿಡೋದು ಕೊನೇಗೆ ಇಟ್ಕೊಳ್ಳಿ.